ಸಿ.ಡಿ.ಗೂ ಮೂರು ಬೆರಳು ವಿಭೂತಿ

ಬಾಗೇವಾಡಿಯ ನಮ್ಮ ಮನೆಯಲ್ಲಿ ಅಂದು ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಬಾಳೆಹಣ್ಣು ತಂದವನು ನಡುಮನೆಯಲ್ಲೇ ನಿಂತುಬಿಟ್ಟೆ. ಕುಡಗೋಲು, ಹೊಲಿಗೆ ಯಂತ್ರಗಳ ಪಕ್ಕದ ಮಣೆಯ ಮೇಲೆ ನನ್ನ ಸಿನಿಮಾ ಸಂಗೀತದ ಸಿ.ಡಿ. ಕೂತಿತ್ತು!

ಊರೆಲ್ಲ ಇನ್ನೂ ಕ್ಯಾಸೆಟ್ ಕೇಳುತ್ತಿದ್ದ ಕಾಲ. ಕೆಲವೇ ನೂರು ಪ್ರತಿ ಬಂದಿದ್ದ ಆ ವಿಶೇಷ ಆವೃತ್ತಿಯನ್ನು ಮುಂಬಯಿಯಿಂದ ತರಿಸಿದ್ದೆ. ಮೇಲಿನ ಪ್ಲಾಸ್ಟಿಕ್ ಹರಿದರೆ ಸಂಗ್ರಹಕಾರರು ಅದನ್ನು ಮೂಸಿಯೂ ನೋಡುವುದಿಲ್ಲ ಎಂದು ಬಿಚ್ಚದೆಯೇ ಕಪಾಟಿನಲ್ಲಿ ಇಟ್ಟಿದ್ದೆ. ಈಗ ಅದರ ಹೊಳೆಯುವ ಮೈಮೇಲೆ ಮೂರು ಬೆರಳಿನ ವಿಭೂತಿ, ನಡುವಿನ ತೂತಿನಲ್ಲಿ ಚೆಂಡು ಹೂವು.

"ಅವ್ವಾ, ಇದನ್ನ ಯಾಕ ಹರದಿ?" ಎಂದು ಚೀರಿದೆ.

"ಪ್ಲಾಸ್ಟಿಕ್ ಮ್ಯಾಲ ವಿಭೂತಿ ನಿಲ್ಲವಲ್ದಪಾ," ಎಂದಳು ಅವ್ವ, ಅದರಲ್ಲೇನು ಎಂಬಂತೆ. "ದಿನಾ ಒರಸ್ತಿ, ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ದೇವರ ಹಂಗ ಇಟ್ಟೀಯಲ್ಲ, ಅದಕ್ಕ ಪೂಜಾ ಮಾಡೇನಿ. ಹಾಡು ಹೆಂಗದಾವೋ?"

ಅದರ ಒಂದು ಹಾಡನ್ನೂ ನಾನು ಕೇಳಿರಲಿಲ್ಲ. ಸಿಟ್ಟು ಅವ್ವನ ಮೇಲೋ ನನ್ನ ಮೇಲೋ ತಿಳಿಯದಾಯಿತು. ಹೇಗೂ ಹರಿದಿದೆ, ಒರೆಸಿ ಕೇಳಿಯೇ ಬಿಡೋಣವೆಂದು ಬಟ್ಟೆ ಹಿಡಿದು ಮಣೆಯ ಮುಂದೆ ಕೂತೆ.

ಒರೆಸಲೆಂದು ಕೈಗೆತ್ತಿಕೊಂಡವನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ತಿರುಗಿ ಮಣೆಯ ಮೇಲೆಯೇ ಇಟ್ಟೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಹಾಡು ಹೇಗಿವೆಯೋ, ಅದೂ ಗೊತ್ತಿಲ್ಲ.