ಲೂದಿಯಮ್ಮನ ಚೀಟಿ

ಗುಜರಾತಿನ ಸೂರತ್ ಹತ್ತಿರ, ಉಧ್ನಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಕನ್ನಡದ ಕ್ರೈಸ್ತರು ನಾಲ್ಕೈದು ಮನೆಯವರು. ಹೊಸ ವರ್ಷದ ಬೆಳಿಗ್ಗೆ ನಮ್ಮ ಮನೆಯಲ್ಲಿ ಕೂಡಿ ಪ್ರಾರ್ಥನೆ ಮಾಡಿ, ಡಬ್ಬಿಯಿಂದ ಒಬ್ಬೊಬ್ಬರು ಒಂದೊಂದು ಬೈಬಲ್ ವಾಕ್ಯದ ಚೀಟಿ ಎತ್ತುತ್ತಿದ್ದೆವು. ಬಂದ ವಾಕ್ಯ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಎತ್ತಿದವರು ಅದನ್ನು ಗಟ್ಟಿಯಾಗಿ ಓದಬೇಕು. ನನಗೆ ಈ ಚೀಟಿಯಾಟ ಎಂದೂ ಸೇರದು. ಆದರೂ ಎತ್ತುತ್ತಿದ್ದೆ.

೧೯೬೪ರಲ್ಲಿ ಪಕ್ಕದ ಮನೆಯ ಲೂದಿಯಮ್ಮನಿಗೆ ದೇವರು ರೋಗ ವಾಸಿಮಾಡುತ್ತಾನೆಂಬ ವಾಕ್ಯ ಬಂತು. ಆ ಮಳೆಗಾಲದಲ್ಲಿ ಅವಳ ಗಂಡ, ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದೇವದಾನಪ್ಪ, ಟೈಫಾಯ್ಡ್ ಬಂದು ಮಲಗಿದ. ಅವಳು ಆ ಚೀಟಿಯನ್ನು ಅವನ ದಿಂಬಿನ ಕೆಳಗಿಟ್ಟಳು. ಅವನು ಅದೇ ದಿಂಬಿನ ಮೇಲೆ ತೀರಿಕೊಂಡ. ಬಂದವರೆಲ್ಲ ದೇವರ ಚಿತ್ತ ಎಂದರು. ಅವಳು ಹೂಂ ಎಂದಳು. ದಿಂಬಿನ ಗವಸು ಒಗೆದು ಒಣಹಾಕಿದಳು, ಅಷ್ಟೆ. ಅಳಲಿಲ್ಲ.

ಮುಂದಿನ ಹೊಸ ವರ್ಷಕ್ಕೆ ಅವಳ ಮುಂದೆ ಡಬ್ಬಿ ಹಿಡಿಯಲು ನಮಗೆ ಮುಖವೆಲ್ಲಿತ್ತು? ಅವಳೇ ಕೈಹಾಕಿ ಒಂದು ಚೀಟಿ ಎತ್ತಿದಳು. ನೋಡದೆ ತನ್ನ ಬೈಬಲಿನೊಳಗೆ ಇಟ್ಟುಬಿಟ್ಟಳು.

"ಓದವಾ ಲೂದಿಯಾ," ಎಂದೆ.

"ಹ್ವಾದ ವರ್ಷ ಓದಿ, ನನಗ ಬೇಕಾದ್ದ ಅದರಾಗ ಹುಡುಕಿಕೊಂಡೆ. ಈ ಸಲ ದೇವ್ರಿಗೆ ಏನ್ ಮಾಡೂದೈತಿ ಮಾಡ್ಲಿ. ಅವನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಆಮೇಲೆ ಎದ್ದು ಎಲ್ಲರಿಗೂ ಚಹಾ ಬಗ್ಗಿಸಿದಳು. ಅವಳ ಕೈ ನಡುಗಲಿಲ್ಲ. ಒಂದಿಷ್ಟು ನಡುಗಿದ್ದರೆ ನಮಗಾದರೂ ನೆಮ್ಮದಿಯಾಗುತ್ತಿತ್ತು.