ವಾರದ ಕಾರ್ಟೂನಿನ ಬಸ್ ಏಜೆಂಟ

ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ನಾನು ಬಸ್ ಏಜೆಂಟ. ಶೃಂಗೇರಿ, ಎನ್.ಆರ್.ಪುರ ಎಂದು ಕೂಗಿ ಜನ ಹತ್ತಿಸುವುದು, ಸೀಟಿ ಊದಿ ಬಸ್ಸು ಬಿಡಿಸುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಪೇಪರನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಆದರೂ ಇಲ್ಲಿನ ವಾರಪತ್ರಿಕೆಯ ಕೊನೇ ಪುಟದ ಕಾರ್ಟೂನು ಬಿಟ್ಟವನಲ್ಲ. ಅದರಲ್ಲೂ ಒಬ್ಬ ಬಸ್ ಏಜೆಂಟ ಇದ್ದ. ಅಂಗಿಗೆ ಒಂದು ಗುಂಡಿ ಇಲ್ಲ. ಜನ ಹತ್ತುವ ಮೊದಲೇ ಸೀಟಿ ಊದುತ್ತಾನೆ. ನಿಂತ ಬಸ್ಸಲ್ಲಿ ತೂಕಡಿಸಿ ಬೇರೆ ಊರಲ್ಲಿ ಹೋಗಿ ಇಳಿಯುತ್ತಾನೆ.

ಅದರ ಚಿತ್ರ ಬರೆಯುತ್ತಿದ್ದವಳು ನನ್ನ ಅಕ್ಕ. ಶೆಟ್ಟಿಕೊಪ್ಪದ ನಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಾತು ಬರೆಯುತ್ತಿದ್ದವರು ಬಸ್ ಸ್ಟ್ಯಾಂಡಿನ ಎದುರಿಗೆ ಕೊಡೆ, ಬ್ಯಾಗು ಮಾರುವ ಸಾಹೇಬ್ರು. ಅಕ್ಕ ಅಂಟಿಸಿ ಕೊಟ್ಟ ಲಕೋಟೆಯನ್ನು ನಾನೇ ಬಸ್ಸಲ್ಲಿ ತಂದು ಅವರ ಕೈಗೆ ಕೊಡುತ್ತಿದ್ದೆ. ಇಷ್ಟು ವರ್ಷ ತಂದವನು ಒಳಗೆ ಹೇಗಿರುತ್ತದೆ ಎಂದು ನೋಡಲಿಲ್ಲ. ಸಾಹೇಬ್ರು ಫೋನಲ್ಲಿ ಕಥೆ ಹೇಳುತ್ತಾರೆ, ಅಕ್ಕ ಅದಕ್ಕೆ ಚಿತ್ರ ಬರೆದುಕೊಡುತ್ತಾಳೆ ಎಂದೇ ತಿಳಿದಿದ್ದೆ.

ಹೋಟೆಲಿಗೆ ಹೋದರೆ ಯಾರಾದರೂ ಪೇಪರು ಮಡಚಿಡುತ್ತಿದ್ದರು. "ಇವತ್ತು ಯಾವ ಊರಲ್ಲಿ ಇಳಿದೆ ಮಾರಾಯ?" ಎನ್ನುತ್ತಿದ್ದರು. ಸಾಹೇಬ್ರು ಅಂಗಡಿಯಲ್ಲಿ ಕೂತು ದಿನವಿಡೀ ನನ್ನನ್ನೇ ನೋಡುತ್ತಾರೆ ಅನಿಸತೊಡಗಿತು. ಬಸ್ಸಿನ ಮರೆಯಲ್ಲಿ ನಿಂತು ಕೂಗಲು ಶುರುಮಾಡಿದೆ. ಒಂದು ದಿನ ಅವರಿಗೆ ಕಾಣಲೆಂದೇ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ ಹಾಕಿಕೊಂಡು ಓಡಾಡಿದೆ. ಅದು ಪೇಪರಿಗೆ ಬರಲಿಲ್ಲ. ನನ್ನ ಉಪಾಯ ಗೊತ್ತಾಗಿಬಿಟ್ಟಿದೆ, ಭಾರೀ ಹುಷಾರಿನ ಮನುಷ್ಯ ಎಂದುಕೊಂಡೆ.

ಊಟ ಮಾಡುವಾಗ ಅಕ್ಕನಿಗೆ ಹೇಳಿಕೊಂಡದ್ದು ಮಾತ್ರ ಬರುತ್ತಿತ್ತು. ಆಗಲೂ ಅಕ್ಕನ ಮೇಲೆ ಅನುಮಾನ ಬರಲಿಲ್ಲ.

ಕೊನೆಗೆ ಒಂದು ಸಂಜೆ ಅಕ್ಕನಿಗೆ ಸುಳ್ಳು ಹೇಳಿದೆ. "ನಿನ್ನ ಗೆರೆ ನಡುಗ್ತದಂತೆ. ಬೇರೆ ಯಾರನ್ನಾದ್ರೂ ನೋಡ್ಬೇಕು ಅಂತಿದ್ರು ಸಾಹೇಬ್ರು."

ಅಕ್ಕ ಇಂಕಿನ ಬಾಟಲಿ ಮುಚ್ಚಿಟ್ಟಳು. ಆಮೇಲೆ ಲಕೋಟೆ ಕೊಡಲಿಲ್ಲ.

ಕಾರ್ಟೂನಿನ ಜಾಗದಲ್ಲಿ ಜಾಹೀರಾತು ಬಂತು. ನನಗೆ ಹಾಯೆನಿಸಿತು. ಸ್ವಲ್ಪ ದಿನಕ್ಕೆ ಸಾಹೇಬ್ರೇ ರಸ್ತೆ ದಾಟಿ ಬಂದರು.

"ಎಂತ ಮಾರಾಯ, ಅಕ್ಕನವರು ಹುಷಾರಿದ್ದಾರಾ? ಫೋನೂ ಎತ್ತೋದಿಲ್ಲ."

"ಅವಳಿಗೆ ಬೇಜಾರು ಬಂದಿದೆ. ನೀವೇ ಏನಾದ್ರೂ ಬರೆದು ಹಾಕಿ."

"ಚಿತ್ರ ಬರದೆ ನಾನೆಂತ ಬರೆಯೋದು? ಬಾ ಇಲ್ಲಿ."

ಅಂಗಡಿಯೊಳಗೆ ಅಕ್ಕ ಹಿಂದೆ ಕಳಿಸಿದ್ದ ಒಂದು ಹಾಳೆ ತೋರಿಸಿದರು. ಚೌಕಗಳಲ್ಲಿ ನಾನೇ. ಎನ್.ಆರ್.ಪುರದಲ್ಲಿ ಕಣ್ಣುಜ್ಜಿಕೊಂಡು ಇಳಿಯುತ್ತಿದ್ದೆ. ತಲೆಯ ಮೇಲಿನ ಮಾತಿನ ಗುಳ್ಳೆಗಳೆಲ್ಲ ಖಾಲಿ.

"ಅಕ್ಕನವರು ನಿನ್ನನ್ನ ಪ್ರತೀ ವಾರ ಬೀಳಿಸಿ ಕಳಿಸೋದು. ನಿನ್ನ ಬಾಯಿಗೊಂದು ಒಳ್ಳೇ ಮಾತು ಹುಡುಕಿ ಎಬ್ಬಿಸಿ ನಿಲ್ಸೋದು ನನ್ನ ಕೆಲಸ. ಕೆಲವು ಸಲ ಕಷ್ಟ ಆಯ್ತು, ಸುಳ್ಳು ಹೇಳೋದಿಲ್ಲ," ಎಂದು ನಕ್ಕರು.

ಹೌದು. ಆ ಏಜೆಂಟ ಎಲ್ಲಿ ಬಿದ್ದರೂ ಕೊನೆಯ ಮಾತು ಅವನದೇ ಇರುತ್ತಿತ್ತು. ನಾನು ಅಕ್ಷರ ಕೂಡಿಸುತ್ತಾ ಅಲ್ಲಿಗೆ ತಲುಪುವಷ್ಟರಲ್ಲಿ ಸಿಟ್ಟಾಗಿರುತ್ತಿದ್ದೆ.

ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೂಜಿ ಕೆಳಗಿಟ್ಟಳು.

"ಹಂಗಾದ್ರೆ ನಡುಗ್ತದೆ ಅಂದದ್ದು ಸಾಹೇಬ್ರಲ್ಲ."

"ಅಲ್ಲ. ನಾನೇ."

"ನಿಂಗೆ ಯಾವಾಗ ಕಾಣ್ತು?"

ಕೈ ನಡುಗಿ ದಾರ ಪೋಣಿಸಲು ಅವಳು ಪರದಾಡುವುದನ್ನು ಮಳೆಗಾಲದಿಂದಲೇ ನೋಡಿದ್ದೆ. ಅದಕ್ಕೇ ಆ ಸುಳ್ಳು ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದು. ಕಂಡಿಲ್ಲ ಎಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ನಂಬಲಿಲ್ಲ.