ನಾಲ್ಕನೇ ಜ್ವರದಲ್ಲಿ ಓಡಿದ್ದು

ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಬೆಂಗಳೂರಿನಿಂದ ಬಂದ ಹೊಸ ಕೋಚ್ ಮೊದಲು ಕೇಳಿದ್ದು ಚೆಂಡನ್ನಲ್ಲ, ನಮ್ಮ ಮೊಬೈಲುಗಳನ್ನು. ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿದರು. ಫೋನನ್ನು ತೋಳಿಗೆ ಕಟ್ಟಿಕೊಂಡು ಓಡಿದರೆ ದೂರ, ವೇಗ ಎಲ್ಲವೂ ಅವರಿಗೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ನಿದ್ದೆ ಹೇಗಾಯಿತು, ಸುಸ್ತಿದೆಯೇ, ಬೇರೇನಾದರೂ ಹೇಳುವುದಿದೆಯೇ ಎಂದು ಆ್ಯಪ್ ಕೇಳುತ್ತಿತ್ತು. ಮೈದಾನ ಕನಕಪುರದಲ್ಲಿ, ನಮ್ಮೂರು ಸಾತನೂರಿನಾಚೆ. ಬಸ್ಸು ತಪ್ಪಿದರೆ ಊರ ರಸ್ತೆಯಲ್ಲೇ ಓಡಬಹುದು ಎಂದು ಕೋಚ್ ಹೇಳಿದಾಗ ನನಗೆ ಹಬ್ಬ. ಆ ವರ್ಷ ಜಿಲ್ಲಾ ತಂಡ ಸೇರಲೇಬೇಕೆಂದು ಹಟ ಹಿಡಿದಿದ್ದೆ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಸುಮ್ಮನೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಗೂಡು ಕಟ್ಟುವ ಮುಂಚೆ ಇಂಥ ಜ್ವರ ನಾಲ್ಕು. ನಾಲ್ಕನೇ ಜ್ವರ ಮುಗಿಸಿ ಹುಳ ಎದ್ದ ಮೇಲಂತೂ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಯವರಿಗೆ ಉಸಿರಾಡಲೂ ಬಿಡುವಿಲ್ಲ. ಆದರೆ ಹುಳ ಜ್ವರಕ್ಕೆ ಕೂತ ದಿನ ನನಗೆ ಪುರುಸೊತ್ತು. ಆವತ್ತು ಮನಸ್ಸು ತಣಿಯುವವರೆಗೆ ಓಡಿ, ಆ್ಯಪಿನಲ್ಲಿ ಬರೆದೆ: ‘ನಾಲ್ಕನೇ ಜ್ವರ ಸಾರ್. ಎದ್ದ ಮೇಲೆ ಮೈದಾನಕ್ಕೆ ಬರುವುದು ಕಷ್ಟ.’

ಕೋಚ್ ಹೌಹಾರಿ ಫೋನ್ ಮಾಡಿದರು. “ನಾಲ್ಕನೇ ಸಲ ಜ್ವರ ಅಂತೀಯ, ಅದರಲ್ಲೂ ಇಷ್ಟು ಓಡಿದೀಯ! ತಲೆ ಸರಿ ಇದೆಯಾ? ಆಯ್ಕೆ ಪಂದ್ಯದಿಂದ ನಿನ್ನ ಹೆಸರು ತೆಗೆದಿದ್ದೀನಿ. ಮೊದಲು ಆಸ್ಪತ್ರೆಗೆ ಹೋಗು.”

“ಜ್ವರ ನಂಗಲ್ಲ ಸಾರ್, ಹುಳಕ್ಕೆ.”

“ಏನು, ಹೊಟ್ಟೇಲಿ ಹುಳಾನಾ?”

ಸಿಟ್ಟು ನೆತ್ತಿಗೇರಿತು. ವಿಡಿಯೊ ಕಾಲ್ ಮಾಡಿ ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಹುಳದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ಫೋನನ್ನೂ ಸೆರಗಿನಲ್ಲಿ ಒರೆಸಿ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

“ನೋಡಿ ಸಾರ್, ತಲೆ ಎತ್ಕಂಡು ಕುಂತವೆ. ಜ್ವರ ಇವುಕ್ಕೆ. ನಮ್ಮುಡ್ಗಿ ಗುಂಡ್‌ಕಲ್ಲಂಗವ್ಳೆ.”

ಕೋಚ್ ನಕ್ಕು ನಕ್ಕು ಸುಸ್ತಾದರು. ಹೆಸರು ಮತ್ತೆ ಸೇರಿಸುತ್ತೇನೆ ಎಂದರು. ಆಮೇಲೆ ನನ್ನನ್ನು ಕರೆದು, “ಹುಳದ ಸಮಾಚಾರ ತಿಳೀತು. ನಿನ್ನ ಮೈ ಹೇಗಿದೆ? ಸುಸ್ತು ಅನ್ನೋ ಕಡೆ ದಿನಾ ‘ಇಲ್ಲ’ ಅಂತಲೇ ಒತ್ತಿದೀಯಲ್ಲ?” ಎಂದು ಕೇಳಿದರು.

“ಇಲ್ಲ ಸಾರ್,” ಎಂದೆ.

“ಸುಳ್ಳು ಸಾರ್,” ಎಂದಳು ಅವ್ವ. “ಮಲಗಿದ್ರೆ ಕಾಲು ನೀವ್ಕತಾ ಇರ್ತಾಳೆ. ಹೇಳುದ್ರೆ ಎಲ್ಲಿ ನೀವು ಕೈಬುಡ್ತೀರೋ, ಎಲ್ಲಿ ನಾನು ಆಟ ಬುಡುಸ್ತೀನೋ ಅಂತ ಭಯ ಅವ್ಳಿಗೆ.”

ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಇನ್ನು ಆಟ ಮುಗಿಯಿತು ಎಂದುಕೊಂಡೆ. ಕೋಚ್ ಮಾತ್ರ, ಪಂದ್ಯದವರೆಗೆ ನಾನು ಹೇಳಿದಷ್ಟೇ ಓಡು ಎಂದರು. ಫೋನಿಟ್ಟ ಮೇಲೆ ಅವ್ವ ಹೇಳಿದ್ದೂ ನಾನು ಹೆದರಿದ್ದಲ್ಲ. “ಪಂದ್ಯ ಮುಗಿಯೋಗಂಟ ನೀನು ಸೊಪ್ಪು ಮುಟ್ಬೇಡ.”

“ಹುಳ ಎದ್ಮೇಲೆ ಒಬ್ಳೇ ಹೆಂಗ್ ಮಾಡಿಯವ್ವಾ?”

“ಅದು ನನ್ ಪಾಡು.”

ಆ ವಾರ ಕೋಚ್ ಹೇಳಿದಷ್ಟೇ ಓಡಿದೆ, ಮಲಗು ಎಂದಾಗ ಮಲಗಿದೆ. ಆ್ಯಪಿಗೆ ನಿಜವನ್ನೇ ಬರೆದೆ. ರಾಮನಗರದಲ್ಲಿ ಪಂದ್ಯ ಮುಗಿದು ಜಿಲ್ಲಾ ತಂಡದ ಹೆಸರುಗಳನ್ನು ಓದಿದಾಗ ನನ್ನದೂ ಇತ್ತು. ಅವ್ವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬಸ್ಸಿಳಿದವಳೇ ನೇರ ತೋಟಕ್ಕೆ ಹೋಗಿ, ಬದುವಿನ ಮೇಲಿದ್ದ ಕುಡುಗೋಲು ಎತ್ತಿಕೊಂಡೆ. ಅವ್ವ ಸೊಪ್ಪಿನ ಹೊರೆಯ ಪಕ್ಕದಿಂದ ಒಮ್ಮೆ ನನ್ನ ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ತಿಳಿಯಿತು.

“ಜಿಲ್ಲೆಗೆ ಆಡೋಳು ನೀನು. ಕಾಲ್ ಮೇಲೆ ಬುಟ್ಕಂಡೀಯೆ, ಮಡಗು ಅದ.”